ಉಚ್ಚಂಗಮ್ಮನ ಉಚ್ಚಾರ

ಆನಂದಪ್ಪನ ಮಗಳಿಗೆ ಉಚ್ಚಂಗಮ್ಮ ಎಂದು ಹೆಸರಿಟ್ಟವಳು ಆನಂದಪ್ಪನ ತಾಯಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಸೊಸೆಯ ಮಡಿಲು ತುಂಬಲಿಲ್ಲವೆಂದು ಆಕೆ ಉಚ್ಚಂಗಿ ಗುಡ್ಡ ಹತ್ತಿ ದೇವಿಗೆ ಹರಕೆ ಹೊತ್ತು ಬಂದಿದ್ದಳು. ಕೂಸು ಹುಟ್ಟಿದಾಗ ಶಿಕಾರಿಪುರದ ಆಸ್ಪತ್ರೆಯಲ್ಲಿ ನರ್ಸಮ್ಮ ಫಾರಂ ಹಿಡಿದುಕೊಂಡು, "ಅಜ್ಜೀ, ಸ್ವಲ್ಪ ಚಂದಾಗಿ ಉಷಾ ಅಂತ ಬರಕೊಳ್ಳಲೇನ್ರಿ?" ಎಂದು ಕೇಳಿದಳಂತೆ.

"ನಾನೇನು ಉಷಾಗೆ ಅರಕೆ ಒತ್ತಿದ್ನೇನವ್ವ?" ಎಂದಳು ಮುದುಕಿ. ಅಲ್ಲಿಗೆ ಮುಗಿಯಿತು.

ಶಾಲೆಯಲ್ಲಿ ಹಾಜರಿ ಕೂಗುವ ಮೇಷ್ಟ್ರಿಗೆ ಗೂರಲು. ಅಷ್ಟುದ್ದದ ಹೆಸರನ್ನು ಒಂದೇ ಉಸಿರಿಗೆ ಹೇಳಲು ಅವರಿಂದ ಆಗುತ್ತಿರಲಿಲ್ಲ. "ಉಚ್ಚ..." ಎಂದು ನಿಲ್ಲಿಸಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇಡೀ ತರಗತಿ ಮೂಗು ಮುಚ್ಚಿಕೊಂಡಿರುತ್ತಿತ್ತು. ಹುಡುಗಿ ಒಂದು ದಿನವೂ ಅಳಲಿಲ್ಲ. ಎದ್ದು ನಿಂತು, "ಪೂರ್ತಿ ಕೂಗ್ರಿ ಸಾ, ಮಧ್ಯ ನಿಲ್ಸಿದ್ರೆ ಗಲೀಜಾಗ್ತತಿ" ಎನ್ನುತ್ತಿದ್ದಳು.

ಇಂಥವಳಿಗೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಬೇರೆ ಹೆಸರುಗಳು ಕಂಟಕವಾಗಿ ಬಂದವು ನೋಡಿ. ಅವೂ ಎಂಥ ಹೆಸರುಗಳು! ಹೆತ್ತವರು ಇಟ್ಟವಲ್ಲ, ದೇವರು ಇಟ್ಟವೂ ಅಲ್ಲ. ಯಾವನೋ ಕಂಪ್ಯೂಟರ್ ಮುಂದೆ ಕೂತವನು ಹೊಟ್ಟೆ ತುಂಬಿದ ಹೊತ್ತಿನಲ್ಲಿ ಇಟ್ಟವು. ಅವುಗಳಲ್ಲಿ ಒಂದರ ಅರ್ಥವೇ ತೇಗು. ಅದಕ್ಕೆ ಆಮೇಲೆ ಬರೋಣ.

ಉಚ್ಚಂಗಮ್ಮ ಬಿಸಿಎ ಮುಗಿಸಿ ಶಿಕಾರಿಪುರದ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಡಾಟಾ ಎಂಟ್ರಿ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕಂಡವರ ಆಧಾರ್ ನಂಬರ್ ಕುಟ್ಟುವುದು. ಬಿಡುವಿನಲ್ಲಿ ಮಾತ್ರ ಅವಳಿಗೆ ಬೇರೆಯದೇ ಹುಚ್ಚು. ಮನೆ ಕಟ್ಟಿದವರಿಗೆ ಎಲ್ಲ ಬಾಗಿಲೂ ಹಾಕಿದ್ದೇವೆ ಎಂಬ ನಂಬಿಕೆ ಇರುತ್ತದಲ್ಲ. ಹೊರಗಿನವರು ಯಾರಾದರೂ ಬಂದು ತಳ್ಳಿ ನೋಡಿ, "ಹಿತ್ತಿಲ ಬಾಗಿಲಿನ ಅಗುಳಿ ಬಿದ್ದಿಲ್ಲ ನೋಡ್ರಿ" ಎಂದು ಹೇಳಬೇಕು. ವೆಬ್‌ಸೈಟುಗಳಿಗೂ ಹಾಗೆ ಹೇಳುವವರು ಬೇಕಂತೆ. ಆ ಕೆಲಸಕ್ಕೆಂದೇ ಸಾಫ್ಟ್‌ವೇರಿನ ಹತಾರಗಳಿವೆ. ನಾಲ್ಕು ವರ್ಷ ಅವಳು ಅವನ್ನೆಲ್ಲ ಓದಿ ಓದಿಯೇ ಕಲಿತಳು. ವಿಡಿಯೋ ನೋಡಲು ಆಗುತ್ತಿರಲಿಲ್ಲ. ಅವರ ಬಾಡಿಗೆ ಮನೆಯ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಅದು ಓಡುವಾಗ ಮನೆಯವರೇ ಕೈಸನ್ನೆಯಲ್ಲಿ ಮಾತಾಡಬೇಕು.

ಹಾಗಾಗಿ ಆ ಹೆಸರುಗಳನ್ನು ಅವಳು ಕಣ್ಣಲ್ಲಿ ಕಂಡಿದ್ದಳೇ ಹೊರತು ಕಿವಿಯಲ್ಲಿ ಕೇಳಿರಲಿಲ್ಲ. ತನಗೆ ತೋಚಿದಂತೆ ಕರೆದುಕೊಂಡಳು. ಬಸ್ಸು, ಕಾರು, ಪೆನ್ನು ಎನ್ನುವ ಬಾಯಿ; ಎಲ್ಲಕ್ಕೂ ಕೊನೆಗೊಂದು ಉಕಾರದ ಬಾಲ ಅಂಟಿತು. ನೆಸಸ್ಸು, ಬರ್ಪು, ವೈರ್‌ಶಾರ್ಕು. ಜೊತೆಗೆ ಆ ಮನೆಯಲ್ಲಿ ತಲೆಮಾರುಗಳಿಂದ ಹಕಾರಕ್ಕೆ ಪ್ರವೇಶವಿಲ್ಲ. ಹಾಲು ಆಲು, ಹಸು ಅಸು. ಹಾಗೆ ಹೈಡ್ರಾ ಐಡ್ರಾ ಆಯಿತು, ಪಾಸ್‌ವರ್ಡ್ ಒಡೆಯುವ ಹ್ಯಾಶ್‌ಕ್ಯಾಟ್ ಆಶ್‌ಕ್ಯಾಟು ಆಯಿತು. ಹೇಗೆ ಕರೆದರೂ ಅವು ಕೆಲಸ ಮಾಡುತ್ತಿದ್ದವು. ದನಕರುಗಳೂ ಹಾಗೆಯೇ ಅಲ್ಲವೇ.

ಎಡವಟ್ಟಾದದ್ದು ಸಂದರ್ಶನಗಳಲ್ಲಿ. ಮೊದಲನೆಯದು ಫೋನಿನಲ್ಲಿ. ಬೇರೆಯವರಿಂದ ಎರವಲು ತಂದ ಕೋಡಿನಲ್ಲಿ ತೂತು ಹುಡುಕುವ ಒಂದು ಹತಾರವಿದೆ. ಎಸ್, ಎನ್, ವೈ, ಕೆ ಎಂಬ ನಾಲ್ಕೇ ಅಕ್ಷರ. ಅವಳು ಅದನ್ನು "ಸ್ನೈಕು" ಎಂದಳು. ಆ ಕಡೆಯವನಿಗೆ ಹಾವು ಎಂದು ಕೇಳಿತು. ಅವನು ಹಾವಿನ ಜೊತೆ ಎಷ್ಟು ವರ್ಷದ ಅನುಭವ ಎಂದ. ಇವಳು ಎರಡು ವರ್ಷ ಎಂದಳು. ಅವನು ಫೋನು ಇಟ್ಟ.

ಎರಡನೆಯದರಲ್ಲಿ, ಮನೆಯಲ್ಲಿ ಏನು ಬಳಸುತ್ತೀರಿ ಎಂದು ಕೇಳಿದರು. "ದಿನಾ ಬೆಳಗ್ಗೆ ಎದ್ದು ಕಾಳಿ ಮುಂದೆ ಕೂರ್ತೀನ್ರಿ" ಎಂದಳು. ಇಂಥ ಹತಾರಗಳನ್ನೆಲ್ಲ ತುಂಬಿಕೊಂಡು ಬರುವ ಒಂದು ಕಂಪ್ಯೂಟರ್ ವ್ಯವಸ್ಥೆಯ ಹೆಸರು ಅದು. ಕೇಳಿದ ಮನುಷ್ಯ ಕೈಮುಗಿದು, ದೈವಭಕ್ತಿ ಒಳ್ಳೆಯದು, ನಾವು ಕೇಳಿದ್ದು ಕಂಪ್ಯೂಟರಿನ ವಿಷಯ ಎಂದ. ಎರಡೂ ಕಡೆಯಿಂದ ಒಂದೇ ಉತ್ತರ ಬಂತು: ಮಾತುಗಾರಿಕೆ ಸುಧಾರಿಸಬೇಕು.

ಮೂರನೆಯ ಕರೆ ಬಂದದ್ದು ಗುತ್ತಿಗೆ ಮುಗಿಯಲು ಹದಿನೆಂಟು ದಿನ ಬಾಕಿ ಇದ್ದಾಗ. ಕಚೇರಿಯವರು ಮುಂದಕ್ಕೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಹೇಳಿಯಾಗಿತ್ತು. ಕರೆದ ಕಂಪನಿ ಊರಲ್ಲೇ ಕೂತು ಕೆಲಸ ಮಾಡಿ ಎನ್ನುವಂಥದ್ದು. ಅಂಥ ಕೆಲಸ ಮತ್ತೆ ಸಿಗುತ್ತದೆಯೇ? ಉಚ್ಚಂಗಮ್ಮ ಎರಡು ಹೊತ್ತು ಊಟ ಬಿಟ್ಟಳು.

"ಯಾಕವ್ವ, ಏನಾತು?" ಎಂದ ಆನಂದಪ್ಪ, ಕಂಡಕ್ಟರ್ ಕೆಲಸ ಮುಗಿಸಿ ಬಂದು ಟಿಕೆಟ್ ಚೀಲ ಮೊಳೆಗೆ ನೇತು ಹಾಕುತ್ತ.

"ಅಪ್ಪ, ನಂಗೆ ಕೆಲ್ಸ ಬರ್ತತಿ, ಎಸ್ರು ಬರಲ್ಲ. ಈ ಸಲಾನೂ ನಗಾಡಿದ್ರೆ ಅಷ್ಟೇ."

ಆನಂದಪ್ಪನಿಗೆ ತಟ್ಟನೆ ಸಾವಿತ್ರಿಬಾಯಿ ಟೀಚರ್ ನೆನಪಾದರು. ಸೊರಬದಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಹೆಂಗಸು. ಅವನಿಗೆ ಅವರ ಪರಿಚಯವಾದದ್ದೂ ಉಚ್ಚಾರದಿಂದಲೇ. ಆಗ ಅವನು ಹಿರೇಕೆರೂರಿನ ಬಸ್ಸಿನಲ್ಲಿದ್ದ. ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಇರೇಕೆರೂರ್, ಇರೇಕೆರೂರ್" ಎಂದು ಗಂಟಲು ಹರಿದುಕೊಳ್ಳುತ್ತಿದ್ದಾಗ ಟೀಚರ್ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು, "ಹಿ ಅನ್ನು. ಅಂದ್ರೆ ಹತ್ತುತೀನಿ" ಎಂದು ನಿಂತುಬಿಟ್ಟರು. ಹಿಂದೆ ಹದಿನೈದು ಜನ. ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಕೊನೆಗೆ ಬಸ್ಸಿನವರೆಲ್ಲ ಸೇರಿ, "ಅನ್ನೋ ಮಾರಾಯ, ಹೊತ್ತಾಯ್ತು" ಎಂದು ಬೈದ ಮೇಲೆ ಆನಂದಪ್ಪ ಜೀವಮಾನದ ಮೊದಲ ಹಕಾರ ಉಚ್ಚರಿಸಿದ. ಆ ರಭಸಕ್ಕೆ ಬಾಯಲ್ಲಿದ್ದ ಎಲೆಯಡಿಕೆ ಟೀಚರ ಸೀರೆಯ ಮೇಲೆ ಬಿತ್ತು. ಅವತ್ತಿನಿಂದ ಇಬ್ಬರಿಗೂ ಒಳ್ಳೆಯ ಸ್ನೇಹ.

ಭಾನುವಾರ ಮಗಳನ್ನು ತನ್ನ ಬಸ್ಸಿನಲ್ಲೇ ಕೂರಿಸಿಕೊಂಡು ಹೋಗಿ ಟೀಚರ ಮನೆಯ ಬಾಗಿಲಿಗೆ ಬಿಟ್ಟ.

ಸಾವಿತ್ರಿಬಾಯಿ ಕನ್ನಡಕ ಏರಿಸಿ ಪಟ್ಟಿ ನೋಡಿದರು. "ಇದೇನೇ ಮಾರಾಯ್ತಿ, ಇವೆಲ್ಲ ಔಷಧಿ ಹೆಸರೇನೇ?"

"ಅಲ್ಲ ಟೀಚರ್, ಕಂಪ್ಯೂಟ್ರದ್ದು."

"ನಂಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದ್ರೆ ಕಿವಿ ಚೆನ್ನಾಗಿದೆ. ಯಾರಾದ್ರೂ ಸರಿಯಾಗಿ ಹೇಳಿದ್ದನ್ನ ಕೇಳಿಸು. ನಾನು ಕನ್ನಡದಲ್ಲಿ ಬರ್ಕೊಡ್ತೀನಿ. ಬರೆದ ಹಾಗೆ ಓದು. ನಮ್ಮಲ್ಲಿ ಬರೆಯೋದೊಂದು ಓದೋದೊಂದು ಅನ್ನೋ ದರಿದ್ರ ಇಲ್ಲ."

ಧಾರಾವಾಹಿ ನೋಡಲೆಂದು ಹಾಕಿಸಿಕೊಂಡಿದ್ದ ಟೀಚರ ಇಂಟರ್‌ನೆಟ್ಟಿನಲ್ಲಿ ಇಬ್ಬರೂ ವಿಡಿಯೋ ಹಚ್ಚಿ ಕೂತರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಟೀಚರ್ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರು. ಹಕಾರಕ್ಕೆ ಅವರದು ಹಳೆಯ ಮದ್ದು. ಬೆರಳಗಲದ ಹಾಳೆ ಹರಿದು ತುಟಿಯ ಮುಂದೆ ಹಿಡಿದುಕೊಳ್ಳಬೇಕು. 'ಹ' ಎಂದಾಗ ಅಲುಗಬೇಕು, 'ಅ' ಎಂದಾಗ ಸುಮ್ಮನಿರಬೇಕು.

"ಹ್ಯಾಶ್‌ಕ್ಯಾಟ್."

"ಆಶ್‌ಕ್ಯಾಟು."

"ಹಾಳೆ ಸತ್ತು ಬಿದ್ದಿದೆ ನೋಡು. ಎಬ್ಬಿಸು ಅದನ್ನ! ಮತ್ತೆ ಆ ಬಾಲ ಯಾಕೆ? ಕತ್ತರಿಸು. ಮುಂದಿಂದು?"

"ಹೊವಾಸ್ಪು."

"ಇಲ್ಲಿ ಎಲ್ಲಿದೆಯೇ ಹಕಾರ?"

"ಅಲ್ಲಿ ಬಿಟ್ಟಿದ್ನಲ್ಲ ಟೀಚರ್, ಇಲ್ಲಿ ಆಕ್ದೆ."

ಓ, ಡಬ್ಲ್ಯು, ಎ, ಎಸ್, ಪಿ ಎಂಬ ಸಂಸ್ಥೆಯ ಇದೊಂದು ಹೆಸರಿಗೆ ಮೂರು ವಿಡಿಯೋ ನೋಡಿದರು. ಒಬ್ಬ ಓವಾಸ್ಪ್ ಎಂದ, ಒಬ್ಬ ಅವಾಸ್ಪ್ ಎಂದ, ಮೂರನೆಯವನು ಅಕ್ಷರಗಳನ್ನು ಒಂದೊಂದಾಗಿ ಎಣಿಸಿದ. ಟೀಚರಿಗೆ ಸಿಟ್ಟು ಬಂತು. "ಇವರಿಗೇ ಒಮ್ಮತ ಇಲ್ಲ. ನಿಂಗೆ ಯಾಕೆ ನಗಾಡಿದ್ರು? ನಮ್ಮ ಪಿಯುಸಿ ಪರೀಕ್ಷೇಲಿ ಹೀಗೆ ಮೂರು ಉತ್ತರ ಬರೆದಿದ್ರೆ ಸೊನ್ನೆ ಕೊಡ್ತಿದ್ದೆ."

'ಕಾಳಿ'ಗೆ ನಾಲಗೆ ಮಡಚಬಾರದು, 'ಕಾಲಿ' ಎನ್ನಬೇಕು ಎಂದು ತಿದ್ದಿದರು. ಉಚ್ಚಂಗಮ್ಮ ಒತ್ತಿ ಹೇಳುವ ಭರದಲ್ಲಿ ಅದು 'ಖಾಲಿ' ಆಯಿತು.

"ಖಾಲಿ? ಅದರಲ್ಲಿ ಏನೂ ಇಲ್ವೇನೇ?"

"ಆರುನೂರು ಸಾಮಾನು ಅದಾವೆ ಟೀಚರ್."

"ಹಾಗಿದ್ರೆ ಸುಳ್ಳು ಹೇಳ್ಬೇಡ. ಕಾಲಿ."

ಕೊನೆಗೆ ಬಂತು ಆ ತೇಗು. ಬ್ರೌಸರಿಗೂ ವೆಬ್‌ಸೈಟಿಗೂ ನಡುವೆ ಕೂತು ಹೋಗುವ ಬರುವ ಮಾತನ್ನೆಲ್ಲ ಹಿಡಿದು ತೋರಿಸುವ ಹತಾರ. ಉಚ್ಚಂಗಮ್ಮ ನಾಲ್ಕು ವರ್ಷ ಅದನ್ನು ಬರ್ಪು ಸೂಟು ಎಂದೇ ಕರೆದಿದ್ದಳು. ವಿಡಿಯೋದವನು ಬರ್ಪ್ ಸ್ವೀಟ್ ಎಂದ. ಟೀಚರ್ ನಿಘಂಟು ತೆಗೆದು ಬರ್ಪ್ ಎಂದರೆ ತೇಗು ಎಂದು ಖಾತ್ರಿ ಮಾಡಿಕೊಂಡರು.

"ತೇಗು, ಸ್ವೀಟು. ಊಟ ಮುಗಿದು ತೇಗು ಬಂದ್ಮೇಲೆ ಸ್ವೀಟು ಬಡಿಸ್ತಾರೇನೇ ಅವರ ದೇಶದಲ್ಲಿ?"

"ಅದು ತಿನ್ನೋ ಸ್ವೀಟಲ್ಲ ಟೀಚರ್..."

"ಆಗ್ಲಿ, ನೆನಪಿಗೆ ಅದೇ ಇರ್ಲಿ. ತೇಗಿ ಹೋಳಿಗೆ ತಿನ್ನು, ಮರೆಯಲ್ಲ."

ಮುಂದಿನ ಎರಡು ವಾರ ಉಚ್ಚಂಗಮ್ಮ ಕೈಯಿಂದ ಹಾಳೆ ಬಿಡಲಿಲ್ಲ. ಮನೆಯಲ್ಲಿ ಗಿರಣಿಯ ಸದ್ದು, ಕಚೇರಿಯಲ್ಲಿ ಜನ. ಅಭ್ಯಾಸಕ್ಕೆ ಬಸ್ಸೇ ಗತಿ. ಕಚೇರಿ ಬಿಟ್ಟೊಡನೆ ಅಪ್ಪನ ಬಸ್ಸು ಹತ್ತಿ ಶಿರಾಳಕೊಪ್ಪದವರೆಗೆ ಹೋಗಿ ಬರುವಳು. ಕಿಟಕಿಯ ಪಕ್ಕ ಕೂತು ಹಾಳೆ ಹಿಡಿದು "ಹೈಡ್ರಾ, ಹೈಡ್ರಾ, ಹ್ಯಾಶ್, ಹ್ಯಾಶ್" ಎನ್ನುವಳು. ಬಳ್ಳಿಗಾವಿಯ ಮುದುಕಿ ತಿಮ್ಮಮ್ಮ ದಿನಾ ಬುಟ್ಟಿ ಸಮೇತ ಅದೇ ಬಸ್ಸಿಗೆ ಬರುವವಳು. ನಾಲ್ಕು ದಿನ ನೋಡಿದಳು, ಐದನೆಯ ದಿನ ತಡೆಯಲಾಗಲಿಲ್ಲ.

"ಆನಂದಪ್ಪ, ಕೂಸಿಗೆ ದಮ್ಮಿನ ಕಾಯ್ಲೆ ಯಾವಾಗ್ಲಿಂದ?"

"ದಮ್ಮಲ್ಲಬೇ, ಇಂಟರ್‌ವ್ಯೂ."

"ಅದೂ ಕೆಟ್ಟದ್ದೇ ಬಿಡು. ನಮ್ಮ ಭಾವನಿಗೆ ಅದರಲ್ಲೇ ಕಫ ಕಟ್ತು."

ಸಂದರ್ಶನದ ದಿನ ಬೆಳಗ್ಗೆ ಹನ್ನೊಂದಕ್ಕೆ ಉಚ್ಚಂಗಮ್ಮ ಟೀಚರ ಮನೆಯ ಹಜಾರದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಬಾಯಿ ಬಿಡುವುದಿಲ್ಲ ಎಂದು ಟೀಚರ್ ಆಣೆ ಇಟ್ಟು, ಎದುರಿನ ಬೆತ್ತದ ಕುರ್ಚಿಯಲ್ಲಿ ಕ್ಯಾಮೆರಾಕ್ಕೆ ಕಾಣದಂತೆ ಕೂತರು.

ಪರದೆಯ ಮೇಲೆ ಇಬ್ಬರು ಬಂದರು. ವೈಭವ್ ಎಂಬ ಗಡ್ಡದ ಹುಡುಗ, ಅವನಿಗೆ ಕನ್ನಡ ಬಾರದು. ಇನ್ನೊಬ್ಬಾಕೆ ನರ್ಮದಾ; ಸಾಗರದ ಕಡೆಯವಳು, ವಯಸ್ಸಿನಲ್ಲೂ ಹುದ್ದೆಯಲ್ಲೂ ದೊಡ್ಡವಳು. ವೈಭವ್ ಹೆಸರು ಓದಲು ಹೊರಟು "ಉಚ್ಚ..." ಎಂದು ನಿಂತ. ನರ್ಮದಾ ಕೆಮ್ಮಿದಂತೆ ಮಾಡಿ ನಗು ನುಂಗಿದಳು. ಅವನು "ಉಚಂಗ್", "ಉಕಾಂಗಮ" ಎಂದು ತಡಕಾಡಿ, ಕೊನೆಗೆ "ಮಿಸ್ ಅಮ್ಮ" ಎಂಬಲ್ಲಿಗೆ ಬಂದು ಕೂತ.

ಪ್ರಶ್ನೆ ಶುರುವಾಯಿತು. ಉಚ್ಚಂಗಮ್ಮ ಒಂದೊಂದು ಹೆಸರನ್ನೂ ಬಾಲ ಕತ್ತರಿಸಿ, ತೊಳೆದು, ಒರೆಸಿ ಇಟ್ಟಳು. ಎನ್‌ಮ್ಯಾಪ್. ನೆಸಸ್. ಕಾಲಿ. ಬರ್ಪ್ ಸ್ವೀಟ್. ಹ್ಯಾಶ್‌ಕ್ಯಾಟ್ ಎಂದಾಗ ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ಹಾಳೆ ಹಾರಿ ಕೆಳಗೆ ಬಿತ್ತು. ಟೀಚರ್ ಎರಡೂ ಕೈಯಲ್ಲಿ ಮೌನವಾಗಿ ಚಪ್ಪಾಳೆ ತಟ್ಟಿದರು. ಆದರೆ ಹೆಸರಿಗೇ ಎಷ್ಟು ಗಮನ ಹೋಯಿತೆಂದರೆ, ಅದರಿಂದ ಏನು ಮಾಡಿದೆ ಎಂಬುದನ್ನು ಹೇಳಲು ಉಸಿರೇ ಉಳಿಯಲಿಲ್ಲ. ಹೇಳುವುದು, ನಿಲ್ಲುವುದು, ಹೇಳುವುದು, ನಿಲ್ಲುವುದು. ಹಾಜರಿ ಕೂಗಿದಂತಿತ್ತು. ನರ್ಮದಾ ಪೆನ್ನು ಕೆಳಗಿಟ್ಟಳು.

ಅಷ್ಟರಲ್ಲಿ ವೈಭವ್, ಹಿಂದೊಮ್ಮೆ ಹಾವಾಗಿದ್ದ ಆ ನಾಲ್ಕಕ್ಷರದ ಹತಾರದ ಮಾತೆತ್ತಿ, ನೀವು ಸ್ನಿಕ್ ಬಳಸಿದ್ದೀರಾ ಎಂದು ಕೇಳಿದ.

ಮೂವತ್ತು ವರ್ಷ ಹ್ರಸ್ವ ದೀರ್ಘ ತಿದ್ದಿದ ಜೀವ. ಆಣೆ ಎಲ್ಲಿ ಉಳಿಯುತ್ತದೆ?

"ಸ್ನೀಕ್! ದೀರ್ಘ! ದೀರ್ಘ ಎಳೀಬೇಕು!"

ಹೀಗೆ ಮನೆಯಿಂದ ಸಂದರ್ಶನ ಕೊಡುವಾಗ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುವ ಮಂದಿ ಇದ್ದಾರಂತೆ. ಸಿಕ್ಕಿಬಿದ್ದರೆ ಅಲ್ಲಿಗೇ ಕೈತೊಳೆದುಕೊಳ್ಳಬೇಕು. ವೈಭವನ ಮುಖ ಬಿಗಿಯಿತು. ಕೋಣೆಯಲ್ಲಿ ಯಾರಿದ್ದಾರೆ, ಕ್ಯಾಮೆರಾ ತಿರುಗಿಸಿ ಎಂದ.

ಉಚ್ಚಂಗಮ್ಮ ಲ್ಯಾಪ್‌ಟಾಪ್ ತಿರುಗಿಸಿದಳು. ಬೆತ್ತದ ಕುರ್ಚಿಯಲ್ಲಿ ಸಾವಿತ್ರಿಬಾಯಿ ನಾಲಗೆ ಕಚ್ಚಿಕೊಂಡು ಕೂತಿದ್ದರು. ಹಿಂದಿನ ಗೋಡೆಯ ಮೇಲೆ ಕ್ಯಾಲೆಂಡರಿನ ಹಾಳೆ. ಅಗೋ, ಉತ್ತರವನ್ನೆಲ್ಲ ಗೋಡೆಗೇ ಅಂಟಿಸಿದ್ದಾರೆ ಎಂದು ವೈಭವ್ ಬೆರಳು ತೋರಿಸಿದ. ನರ್ಮದಾ ಪರದೆಯ ಹತ್ತಿರ ಬಗ್ಗಿ ಕನ್ನಡ ಓದಿದಳು.

"ಹ್ಯಾಶ್‌ಕ್ಯಾಟ್: ಹಾಳೆ ಅಲುಗಬೇಕು. ಕಾಲಿ: ನಾಲಗೆ ಮಡಚಬಾರದು. ಬರ್ಪ್ ಸ್ವೀಟ್: ತೇಗಿ ಹೋಳಿಗೆ ತಿನ್ನು..." ಓದುತ್ತ ಓದುತ್ತ ನಗುವಿಗೆ ಅವಳ ಧ್ವನಿ ಒಡೆಯಿತು. "ಏನಮ್ಮಾ ಇದು?"

"ಉಚ್ಚಾರ," ಎಂದರು ಟೀಚರ್ ಎದ್ದು ನಿಂತು. "ನಾನು ಕನ್ನಡ ಟೀಚರ್. ಉಚ್ಚಾರ ಬಿಟ್ಟು ಇನ್ನೇನೂ ಹೇಳ್ಕೊಟ್ಟಿಲ್ಲ. ನಂಗೆ ಗೊತ್ತಿದ್ರೆ ತಾನೇ ಹೇಳ್ಕೊಡೋದು?"

"ಹಾಗಿದ್ರೆ ಹ್ಯಾಶ್‌ಕ್ಯಾಟ್ ಏನು ಮಾಡುತ್ತೆ, ನೀವು ಹೇಳಿ."

ಟೀಚರ್ ಯೋಚಿಸಿದರು. "ಬೆಕ್ಕಲ್ವೇನೇ? ಇಲಿ ಹಿಡಿಯುತ್ತೇನೋ."

"ಎನ್‌ಮ್ಯಾಪ್?"

"ಮ್ಯಾಪು. ಭೂಗೋಳದ್ದು. ಅದು ನನ್ನ ಸಬ್ಜೆಕ್ಟ್ ಅಲ್ಲ."

ನರ್ಮದಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು. ಇಷ್ಟು ಚೊಕ್ಕವಾಗಿ ಏನೂ ಗೊತ್ತಿಲ್ಲದವರು ಯಾರಿಗೂ ಉತ್ತರ ಹೇಳಿಕೊಡಲಾರರು ಎಂದು ವೈಭವನಿಗೆ ಅನುವಾದ ಮಾಡಿ ಹೇಳಿದಳು. ಮತ್ತೆ ಉಚ್ಚಂಗಮ್ಮನ ಕಡೆ ತಿರುಗಿ, "ನೋಡಿ, ಹೆಸರು ಬಿಡಿ. ಕನ್ನಡದಲ್ಲೇ ಹೇಳಿ. ನೀವು ನಿಜವಾಗಿ ಏನಾದ್ರೂ ಕಂಡು ಹಿಡಿದಿದ್ದೀರಾ?" ಎಂದಳು.

ಕನ್ನಡ ಎಂದದ್ದೇ ತಡ, ಹುಡುಗಿ ಕುರ್ಚಿಯಲ್ಲಿ ಸರಿಯಾಗಿ ಕೂತಳು.

"ನಮ್ಮೂರಾಗೆ ಒಂದು ಟ್ಯೂಷನ್ ಸೆಂಟರ್ ಐತ್ರಿ ಮೇಡಂ. ಮಾರ್ಕ್ಸು ನೋಡಾಕೆ ವೆಬ್‌ಸೈಟು ಮಾಡಿಸಿದ್ರು. ನಮ್ಮ ಚಿಕ್ಕಮ್ಮನ ಮಗಳ ಮಾರ್ಕ್ಸು ನೋಡ್ಬೇಕಾದ್ರೆ ಮೇಲ್ಗಡೆ ಅಡ್ರೆಸ್ಸಿನಾಗೆ ಕೊನೀಗೆ ನಲವತ್ತೊಂದು ಅಂತ ಇತ್ತು. ನಲವತ್ತೆರಡು ಮಾಡಿದ್ರೆ ಏನಾಗ್ತತಿ ಅಂತ ನೋಡಿದೆ. ಪಕ್ಕದ ಉಡುಗಿದು ಬಂತು. ಮಾರ್ಕ್ಸು, ಮನೆ ವಿಳಾಸ, ಅಪ್ಪ ಅಮ್ಮನ ಫೋನ್ ನಂಬರ್ ಎಲ್ಲಾ. ಪಾಸ್‌ವರ್ಡು ಇತ್ರಿ ಮುಂದ್ಗಡೆ. ಆದ್ರೆ ಒಳಗೆ ಬಂದೋರು ಯಾರು, ಯಾವ ಬೀರು ತೆಗೀತಿದಾರೆ ಅಂತ ಕೇಳೋರೇ ಇಲ್ಲ. ಆಮೇಲೆ ಬರ್ಪು ಸೂಟು ಆಕಿ ಖಾತ್ರಿ ಮಾಡ್ಕೊಂಡೆ. ಎರಡು ಸಲ ನೋಡಿ ನಿಲ್ಸಿದೆ, ಬ್ಯಾರೇರ ಮನೆ ವಿಷ್ಯ ನಂಗ್ಯಾಕೆ. ಓಗಿ ಯಜಮಾನ್ರಿಗೆ ಏಳಿದ್ರೆ ಬೈದು ಕಳಿಸಿದ್ರು. ಮಾರನೇ ದಿನ ಅವರ ಎಂಡ್ತಿ ಅತ್ರ ಓದೆ. ನಿಮ್ಮ ಮಗಳ ನಂಬರೂ ಇಂಗೇ ಕಾಣ್ತತ್ರಿ ಅಂದೆ. ಮಧ್ಯಾಹ್ನಕ್ಕೆ ಸೈಟು ಬಂದ್ ಮಾಡಿ ಸರಿ ಮಾಡಿಸಿದ್ರು."

ನರ್ಮದಾ ಪೆನ್ನು ಎತ್ತಿಕೊಂಡಿದ್ದಳು. ಸರಿಮಾಡಿದ್ದು ಸರಿಯಾಗಿದೆಯೇ ಎಂದು ಹೇಗೆ ನೋಡಿದಿರಿ, ಹೇಳಿದ್ದನ್ನು ಬರೆದು ಕೊಟ್ಟಿರಾ, ಮೊದಲೇ ಅಪ್ಪಣೆ ಕೇಳಬೇಕೆಂದು ಗೊತ್ತಿತ್ತೇ? ಪ್ರಶ್ನೆಯ ಮೇಲೆ ಪ್ರಶ್ನೆ. ಅಪ್ಪಣೆ ಕೇಳಿರಲಿಲ್ಲ, ಅದು ತಪ್ಪು, ಆಮೇಲೆ ಕಲಿತೆ ಎಂದಳು ಉಚ್ಚಂಗಮ್ಮ. ಬಾಲಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಐಡ್ರಾ ಬಂತು, ಆಶ್‌ಕ್ಯಾಟು ಬಂತು. ಟೀಚರ್ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರು.

ಕೊನೆಗೆ, ನರ್ಮದಾಳ ಅನುವಾದ ಕೇಳುತ್ತ ಕೂತಿದ್ದ ವೈಭವ್ ಮುಗುಳ್ನಕ್ಕು ಇಂಗ್ಲಿಷಿನಲ್ಲಿ, ಎಲ್ಲ ಚೆನ್ನಾಗಿತ್ತು ಮಿಸ್ ಅಮ್ಮ, ಆದರೆ ಅದು ಸೂಟು ಅಲ್ಲ, ಸ್ವೀಟ್ ಎಂದ.

ಉಚ್ಚಂಗಮ್ಮ ಅವನದೇ ಭಾಷೆಯಲ್ಲಿ, ತಡವರಿಸದೆ ಹೇಳಿದಳು: "ಗೊತ್ತು ಸರ್. ನೀವು ನನ್ನ ಹೆಸರನ್ನ ಮೂರು ತರ ಕರೆದ್ರಿ. ಮೂರಕ್ಕೂ ನಾನು ಓಗೊಟ್ಟೆ. ಅದೂ ಕೊಡುತ್ತೆ."

ಹುಡುಗ ಕೆಟ್ಟವನಲ್ಲ. ಕಿವಿ ಕೆಂಪಾಯಿತು. ಹೆಸರನ್ನು ಸರಿಯಾಗಿ ಹೇಗೆ ಹೇಳಬೇಕು ಎಂದು ಕೇಳಿದ. ಕೇಳಬಾರದಿತ್ತು. ಟೀಚರ್ ಎದ್ದು ಬಂದು ಕ್ಯಾಮೆರಾದ ಮುಂದೆಯೇ ಕೂತರು. "ಚ್ಚ. ಒತ್ತು. ಮಧ್ಯ ನಿಲ್ಸಬಾರ್ದು ಕಣಯ್ಯ, ನಿಲ್ಸಿದ್ರೆ ಗಲೀಜು. ಹೇಳು." ಸಂದರ್ಶನ ಇಪ್ಪತ್ತು ನಿಮಿಷ ಹೆಚ್ಚು ನಡೆಯಿತು, ಆದರೆ ಆ ಇಪ್ಪತ್ತು ನಿಮಿಷ ಪರೀಕ್ಷೆಗೆ ಕೂತವನು ವೈಭವ್.

ಗುತ್ತಿಗೆ ಮುಗಿಯಲು ಒಂದು ದಿನ ಇರುವಾಗ ಕೆಲಸದ ಪತ್ರ ಬಂತು. ಹೆಸರಿನಲ್ಲಿ ಎರಡೂ ಚಕಾರ ಇದ್ದವು. ಉಚ್ಚಂಗಮ್ಮ ಕಚೇರಿಯಿಂದ ಓಡಿ ಹೋಗಿ, ಹೊರಡುತ್ತಿದ್ದ ಅಪ್ಪನ ಬಸ್ಸು ಹತ್ತಿ ಹೇಳಿದಳು. ಆನಂದಪ್ಪ ಸೀಟಿ ಊದಲು ಬಾಯಿಗಿಟ್ಟವನು ಹಾಗೇ ನಿಂತ. ಆಮೇಲೆ ಊದಿದ ಸೀಟಿಗೆ ಡ್ರೈವರ್ ಗಾಬರಿಯಾಗಿ ಬ್ರೇಕು ಹಾಕಿದ.

"ಏನಂತೆ ಆನಂದಪ್ಪ?" ಎಂದಳು ತಿಮ್ಮಮ್ಮ, ಬುಟ್ಟಿ ಹಿಡಿದುಕೊಂಡು.

"ನನ್ನ ಮಗಳಿಗೆ ಕೆಲ್ಸ ಆತಬೇ! ಬಾಗಿಲು ಆಕೈತೋ ಇಲ್ಲೋ ನೋಡೋ ಕೆಲ್ಸ!"

"ಅಲ್ಲಾ, ದಮ್ಮು ವಾಸಿ ಆತಾ ಅಂತ ಕೇಳ್ದೆ."

ಉಚ್ಚಂಗಮ್ಮ ಅಪ್ಪನನ್ನು ನೋಡಿದಳು, ತಿಮ್ಮಮ್ಮನನ್ನು ನೋಡಿದಳು. "ಆತಬೇ. ಪೂರ್ತಿ ವಾಸಿ ಆತು."

"ಹಂಗಾರೆ ನಂಗೂ ಒಂದು ಹಾಳೆ ಕೊಡು ತಾಯಿ. ಗುಡ್ಡ ಹತ್ತಾಕೆ ಆಗವಲ್ದು."

ಅವಳು ನೋಟ್‌ಬುಕ್ಕಿನಿಂದ ಬೆರಳಗಲದ ಹಾಳೆ ಹರಿದು ಮುದುಕಿಯ ತುಟಿಯ ಮುಂದೆ ಹಿಡಿದಳು. ಶಿರಾಳಕೊಪ್ಪದವರೆಗೂ ಬಸ್ಸಿನ ಹಿಂದಿನ ಸೀಟಿನಿಂದ, ಬಾಲ ಸಮೇತ, "ಹ್ಯಾಶ್‌ಕ್ಯಾಟು, ಹ್ಯಾಶ್‌ಕ್ಯಾಟು" ಎಂದು ಕೇಳುತ್ತಲೇ ಇತ್ತು. ಹಾಳೆ ಮಾತ್ರ ಚೆನ್ನಾಗಿ ಅಲುಗುತ್ತಿತ್ತು.